ಜ್ವರ ಬಂದ ದಿನದಿಂದ ದಿನ ಎಣಿಸಿರಿ



ತಂಬಾಕಿನ ಸಸಿ ನಾಟಿ ಮಾಡಿದ ದಿನ ನಿಮಗೆ ನೆನಪಿರುತ್ತದೆ. ಎಷ್ಟನೆಯ ದಿನಕ್ಕೆ ಎಡೆ ಹೊಡೆಯಬೇಕು, ಎಂದು ಮೇಲುಗೊಬ್ಬರ ಕೊಡಬೇಕು, ಎಂದು ಕುಡಿ ಚಿವುಟಬೇಕು ಎಂಬುದನ್ನು ನೀವು ಹೊಲಕ್ಕೆ ಹೋಗುವ ಮೊದಲೇ ಬೆರಳು ಮಡಿಚಿ ಹೇಳಬಲ್ಲಿರಿ. ಎಮ್ಮೆ ಗಬ್ಬವಾದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದ ಗುರುತು ಹಾಕುವವರೂ ನಮ್ಮಲ್ಲಿ ಇದ್ದಾರೆ. ಆದರೆ ಮನೆಯ ಮನುಷ್ಯನಿಗೆ ಜ್ವರ ಬಂದು ಎಷ್ಟು ದಿನವಾಯಿತು ಎಂದು ಡಾಕ್ಟರರು ಕೇಳಿದರೆ ಮಾತ್ರ "ನಾಲ್ಕೈದು ದಿನ ಆಗಿರಬೇಕು" ಎನ್ನುತ್ತೇವೆ. ಕೋವಿಡ್ ಕಾಯಿಲೆಯಲ್ಲಿ ಈ "ಇರಬೇಕು" ಎಂಬ ಮಾತು ಪ್ರಾಣಕ್ಕೆ ಎರವಾಗಬಲ್ಲದು.

ನಾನು ನಿಪ್ಪಾಣಿ ತಾಲ್ಲೂಕಿನಲ್ಲಿ ವೇದಗಂಗಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುವವನು. ಐದು ಎಕರೆ ಜಮೀನಿನಲ್ಲಿ ತಂಬಾಕು, ಕಬ್ಬು ಮತ್ತು ಸೋಯಾ ಅವರೆ ಬೆಳೆಯುತ್ತೇವೆ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ಮನೆಯ ನಾಲ್ವರಿಗೆ, ಅಂದರೆ ನನಗೆ, ನನ್ನ ಮಡದಿಗೆ, ಅವ್ವನಿಗೆ ಮತ್ತು ಅಣ್ಣನಿಗೆ, ಈ ಕಾಯಿಲೆ ಬಂದಿತು. ನಾಲ್ವರೂ ಬದುಕಿ ಉಳಿದೆವು. ಆ ದಿನಗಳಲ್ಲಿ ಕಲಿತ ಸಂಗತಿಗಳನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಇದೆಲ್ಲ ಮುಗಿದ ಕಥೆಯಲ್ಲವೇ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಈ ರೋಗದ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಮುಗಿದದ್ದು ತುರ್ತು ಪರಿಸ್ಥಿತಿಯೇ ಹೊರತು ರೋಗಾಣುವಲ್ಲ. ಅದು ಈಗಲೂ ಆಗಾಗ ತಲೆ ಎತ್ತುತ್ತಿರುತ್ತದೆ. ಪುಪ್ಪಸಕ್ಕೆ ಇಳಿಯುವ ಬೇರೆ ಜ್ವರಗಳೂ ಇವೆ. ಅಲ್ಲದೆ ಅಂದು ಕಾಯಿಲೆ ಬಿದ್ದವರಲ್ಲಿ ಇನ್ನೂ ಪೂರ್ತಿ ಚೇತರಿಸಿಕೊಳ್ಳದವರು ನಮ್ಮ ನಡುವೆಯೇ ಇದ್ದಾರೆ.

ರೋಗ ನಮ್ಮ ಭಾಗಕ್ಕೆ ಬಂದ ಬಗೆ

ಭಾರತದಲ್ಲಿ ಮೊದಲ ಕೋವಿಡ್ ರೋಗಿ ಕಂಡುಬಂದದ್ದು 2020ರ ಜನವರಿ 30ರಂದು, ಕೇರಳ ರಾಜ್ಯದಲ್ಲಿ. ದೇಶದ ಮೊದಲ ಸಾವು ಮಾರ್ಚ್ 10ರಂದು ನಮ್ಮ ರಾಜ್ಯದ ಕಲಬುರಗಿಯ 76 ವರ್ಷದ ಹಿರಿಯರದು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್ ಮೊದಲ ವಾರದಲ್ಲಿ ಬೆಳಗಾವಿ ಜಿಲ್ಲೆಯಲ್ಲಿಯೂ ರೋಗಿಗಳು ಕಂಡುಬಂದರು. ರಾಯಬಾಗ ತಾಲ್ಲೂಕಿನ ಕುಡಚಿಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರತೊಡಗಿತು.

ನಿಪ್ಪಾಣಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ. ನಮ್ಮ ಸೊಸೆಯಂದಿರ ತವರು ಕಾಗಲ ಕಡೆಗೆ, ಹೆಣ್ಣು ಕೊಟ್ಟ ಮನೆ ಇಚಲಕರಂಜಿ ಕಡೆಗೆ, ದೊಡ್ಡ ಕಾಯಿಲೆಯಾದರೆ ಓಡುವುದು ಕೊಲ್ಲಾಪುರಕ್ಕೆ ಇಲ್ಲವೆ ಮಿರಜಕ್ಕೆ. ಹೀಗೆ ಗಡಿಯ ಎರಡೂ ಕಡೆ ಬಾಳುವೆ ಹರಡಿಕೊಂಡವರಿಗೆ ಆ ಎರಡು ವರ್ಷ ಬಹಳ ಕಠಿಣವಾದವು. 2021ರಲ್ಲಿ ಕೊಗನೊಳ್ಳಿಯ ತಪಾಸಣಾ ನಾಕೆಯಲ್ಲಿ 72 ಗಂಟೆಗಳೊಳಗಿನ ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯ ವರದಿ ತೋರಿಸಬೇಕಾಗಿತ್ತು.

ಅದೇ ಹೊತ್ತಿಗೆ ರೋಗಾಣುವಿನ ಒಂದು ಹೊಸ ತಳಿ ಹಬ್ಬಿತು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2021ರ ಮೇ 31ರಂದು 'ಡೆಲ್ಟಾ' ಎಂದು ಹೆಸರಿಟ್ಟಿತು. ಬೇಸಾಯಗಾರರಾದ ನಿಮಗೆ ತಳಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ತಳಿಗಿಂತ ಇದು ಬೇಗ ಹರಡುವಂಥದು; ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರನ್ನೂ ಬಿಡದಂಥದು.

ಕೆಮ್ಮು ಮಾಮೂಲಾದ ಊರಿನಲ್ಲಿ

ಈ ರೋಗ ಮುಖ್ಯವಾಗಿ ಗಾಳಿಯ ಮೂಲಕ ಹರಡುತ್ತದೆ. ರೋಗಿಯು ಮಾತನಾಡುವಾಗ, ಕೆಮ್ಮುವಾಗ, ಸೀನುವಾಗ ಹೊರಬೀಳುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲಾಡುತ್ತವೆ. ಬಯಲಿನಲ್ಲಿ ಅವು ಬೇಗ ಚದುರಿ ಹೋಗುತ್ತವೆ. ಆದುದರಿಂದ ಹೊಲದಲ್ಲಿ ದೂರ ದೂರ ನಿಂತು ದುಡಿಯುವುದಕ್ಕಿಂತ ಗೋದಾಮಿನಲ್ಲಿ ಒತ್ತಾಗಿ ಕುಳಿತು ತಂಬಾಕು ಹಸನು ಮಾಡುವುದು, ಸಣ್ಣ ಕೋಣೆಯಲ್ಲಿ ಹತ್ತು ಜನ ಹೆಣ್ಣುಮಕ್ಕಳು ಸೇರಿ ಬೀಡಿ ಕಟ್ಟುವುದು, ಕಿಟಕಿ ಮುಚ್ಚಿದ ವಾಹನದಲ್ಲಿ ಲಗ್ನಕ್ಕೆ ಹೋಗುವುದು ಹೆಚ್ಚು ಅಪಾಯಕರ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ತಂಬಾಕಿನ ಧೂಳಿನಲ್ಲಿ ಕೆಲಸ ಮಾಡುವವನು ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಊರಿನಲ್ಲಿ ಕೆಮ್ಮು ಬಂದ ದಿನವೇ ಮನೆಯವರು ಎಚ್ಚರಗೊಂಡರೆ, ನಮ್ಮಲ್ಲಿ ಆ ಕೆಮ್ಮು ಹಳೆಯ ಕೆಮ್ಮಿನೊಳಗೆ ಕೂಡಿಹೋಗುತ್ತದೆ. ಹೀಗಾಗಿ ಕಾಯಿಲೆಯ ಮೊದಲ ದಿನ ಯಾವುದೆಂಬುದೇ ತಿಳಿಯುವುದಿಲ್ಲ. ಅದಕ್ಕಾಗಿ ಕೆಮ್ಮೊಂದನ್ನೇ ನೋಡದೆ ಜ್ವರ, ಮೈಕೈ ನೋವು, ಗಂಟಲು ಕೆರೆತ, ಅತಿಯಾದ ಸುಸ್ತು, ಭೇದಿ, ವಾಸನೆ ಅಥವಾ ರುಚಿ ಹೋಗುವುದು ಇವುಗಳಲ್ಲಿ ಯಾವುದು ಮೊದಲು ಕಾಣಿಸಿತೋ ಆ ದಿನವನ್ನು ಬರೆದಿಡಬೇಕು. ಅದೇ ಒಂದನೆಯ ದಿನ. ಪರೀಕ್ಷೆಯ ವರದಿ ಬಂದ ದಿನ ಒಂದನೆಯ ದಿನವಲ್ಲ. ನಮಗೆ ವರದಿ ಕೈಸೇರುವಾಗ ನಾಲ್ಕು ದಿನ ಕಳೆದಿದ್ದವು.

ತಂಬಾಕಿನ ಲೆಕ್ಕದ ವಹಿಯಲ್ಲಿ ಜ್ವರದ ಲೆಕ್ಕ

ಭರಣಿ ಮಳೆ ಹುಟ್ಟಿದ ಮರುದಿನ, ಏಪ್ರಿಲ್ 28ರಂದು, ಅಣ್ಣನಿಗೂ ನನಗೂ ಒಂದೇ ದಿನ ಜ್ವರ ಬಂದಿತು. ನನ್ನ ಮಡದಿ ಎಸ್.ಎಸ್.ಎಲ್.ಸಿ. ತನಕ ಓದಿದವಳು. ತಂಬಾಕಿನ ಲೆಕ್ಕ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲಿ ಅವಳು ನಾಲ್ಕು ಮನೆ ಹಾಕಿ, ಒಬ್ಬೊಬ್ಬರ ಹೆಸರಿನ ಕೆಳಗೆ ದಿನ, ಜ್ವರ, ಬೆರಳಿಗೆ ಹಾಕುವ ಆಮ್ಲಜನಕ ಮಾಪಕದ ಅಂಕಿ, ತಿಂದ ಊಟ ಇಷ್ಟನ್ನು ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಬರೆಯತೊಡಗಿದಳು. ಐದು ದಿನ ಕಳೆದು ಅವಳಿಗೂ ಅವ್ವನಿಗೂ ಜ್ವರ ಬಂದಾಗ ಅವರ ಲೆಕ್ಕ ಬೇರೆಯಾಗಿ ಆರಂಭವಾಯಿತು. ಒಂದೇ ಮನೆಯವರಾದರೂ ಒಬ್ಬರ ದಿನ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಈ ಕಾಯಿಲೆಯ ನಡೆ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ನಾಲ್ಕೈದು ದಿನ ಜ್ವರ, ಮೈಕೈ ನೋವು, ಕೆಮ್ಮು ಇರುತ್ತವೆ. ಬಹುಪಾಲು ಜನರಲ್ಲಿ ಅವು ಕ್ರಮೇಣ ಇಳಿದು ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ಕೆಲವರಲ್ಲಿ ಐದನೆಯ ದಿನದಿಂದ ಹತ್ತನೆಯ ದಿನದೊಳಗೆ ಪುಪ್ಪಸದಲ್ಲಿ ಉರಿಯೂತ ಏಳುತ್ತದೆ. ವಯಸ್ಸಾದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು, ಅತಿ ಬೊಜ್ಜು ಇದ್ದವರು ಮತ್ತು ಬೀಡಿ ಸೇದುವವರಲ್ಲಿ ಈ ಸಂಭವ ಹೆಚ್ಚು. ಅಂದರೆ ಜ್ವರ ಇಳಿದು, ಇನ್ನೇನು ಗುಣವಾಯಿತು ಎಂದು ಮನೆಯವರು ನಿಶ್ಚಿಂತರಾಗುವ ದಿನಗಳೇ ಹೆಚ್ಚು ಎಚ್ಚರದಿಂದಿರಬೇಕಾದ ದಿನಗಳು.

ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇಲ್ಲಿ ನೆನೆಯತಕ್ಕದ್ದು. ಬೆಳಗಾವಿಯ ಲೋಕಸಭಾ ಸದಸ್ಯರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 11ರಂದು ತಮಗೆ ಸೋಂಕು ತಗುಲಿದೆಯೆಂದೂ, ಆರೋಗ್ಯವಾಗಿದ್ದೇನೆಂದೂ ತಾವೇ ಜನತೆಗೆ ತಿಳಿಸಿದ್ದರು. ಹನ್ನೆರಡು ದಿನಗಳ ನಂತರ, ಸೆಪ್ಟೆಂಬರ್ 23ರಂದು, ದೆಹಲಿಯಲ್ಲಿ ತೀರಿಕೊಂಡರು. ಮೊದಲ ದಿನಗಳಲ್ಲಿ ಚೆನ್ನಾಗಿರುವುದು ಮುಂದಿನ ದಿನಗಳಿಗೆ ಖಾತ್ರಿಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಎಂಟನೆಯ ದಿನ

ಅಣ್ಣನಿಗೆ ಆಗ 54 ವರ್ಷ. ಸಕ್ಕರೆ ಕಾಯಿಲೆ ಇತ್ತು. ಬೀಡಿಯ ಚಟವೂ ಇತ್ತು. ಆರನೆಯ ದಿನಕ್ಕೆ ಅವನ ಜ್ವರ ಬಿಟ್ಟಿತು. ಎಂಟನೆಯ ದಿನ ನಸುಕಿನಲ್ಲಿ ತಾನೇ ಎದ್ದು ಎಮ್ಮೆ ಹಿಂಡಿ ಬಂದನು. ಕಟ್ಟೆಯ ಮೇಲೆ ಕುಳಿತಾಗ ಮಾಪಕ ಹಾಕಿ ನೋಡಿದರೆ 93. ಅಂಗಳದಲ್ಲಿ ಆರು ನಿಮಿಷ ನಡೆದಾಡಿಸಿ ಮತ್ತೆ ನೋಡಿದರೆ 88.

"ಅಣ್ಣಾ, ಎಂಬತ್ತೆಂಟು ತೋರಸಾಕತ್ತೈತಿ. ದವಾಖಾನಿಗೆ ಹೋಗೂಣು," ಎಂದೆ.

"ನನಗೇನಾಗೈತೋ? ಜ್ವರ ಬಿಟ್ಟೈತಿ, ಎಮ್ಮಿ ಹಿಂಡಿ ಬಂದೇನಿ. ಆ ಮಿಶನ್ನ ಕೆಟ್ಟಿರಬೇಕು," ಎಂದನು.

ನನ್ನ ಮಡದಿ ಏನೂ ವಾದಿಸದೆ ಅದೇ ಮಾಪಕವನ್ನು ತನ್ನ ಬೆರಳಿಗೆ ಹಾಕಿದಳು: 97. ನನ್ನ ಬೆರಳಿಗೆ ಹಾಕಿದಳು: 96. ಮತ್ತೆ ಅಣ್ಣನ ಬೆರಳಿಗೆ: 88. "ಮಿಶನ್ ಕೆಟ್ಟಿಲ್ಲರಿ ಭಾವ," ಎಂದಳು. ಅಣ್ಣ ಆಮೇಲೆ ಮಾತಾಡಲಿಲ್ಲ, ಅಂಗಿ ಹಾಕಿಕೊಂಡನು.

ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಎರಡನೆಯ ಕಡೆ ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆ "ಇವತ್ತಿಗೆ ಎಷ್ಟನೇ ದಿನ?" ಎಂಬುದು. ವಹಿಯನ್ನು ಮುಂದಿಟ್ಟೆವು. ಒಂಬತ್ತು ದಿನ ಆಮ್ಲಜನಕದ ಮೇಲಿದ್ದು, ಒಟ್ಟು ಹನ್ನೆರಡು ದಿನಗಳ ನಂತರ ಅಣ್ಣ ಮನೆಗೆ ಬಂದನು.

ದಮ್ಮು ಹತ್ತದೆ ಆಮ್ಲಜನಕ ಇಳಿಯುವುದು ಹೇಗೆ?

ಈ ಪ್ರಶ್ನೆ ನಮ್ಮನ್ನೂ ಕಾಡಿತ್ತು. ಉಸಿರು ಕಟ್ಟಿದಂತಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಾಗ. ಕೋವಿಡ್ ರೋಗಿಯಲ್ಲಿ ಅನೇಕ ಸಲ ಆ ಕೆಟ್ಟ ಗಾಳಿ ಸರಿಯಾಗಿಯೇ ಹೊರಬೀಳುತ್ತಿರುತ್ತದೆ. ಆಮ್ಲಜನಕ ಮಾತ್ರ ಒಳಗೆ ಸೇರುವುದಿಲ್ಲ. ಆದುದರಿಂದ ರೋಗಿಗೆ ಸಂಕಟವೇ ತಿಳಿಯದೆ ಅಂಕಿ ಇಳಿಯುತ್ತ ಹೋಗುತ್ತದೆ.

ಬೇರಿಗೆ ಗಂಟು ಜಂತು ಹತ್ತಿದ ತಂಬಾಕಿನ ಸಸಿಯನ್ನು ನೋಡಿರಿ. ಬೆಳಗಿನ ತಂಪಿನಲ್ಲಿ ಅದು ಹಸಿರಾಗಿಯೇ ನಿಂತಿರುತ್ತದೆ. ಮಧ್ಯಾಹ್ನದ ಬಿಸಿಲು ಬಿದ್ದಾಗ ಬಾಡಿ ಜೋತು ಬೀಳುತ್ತದೆ. ಆಗ ಬೇರು ಕೆಟ್ಟಿದೆಯೆಂದು ತಿಳಿಯುತ್ತದೆ. ಕುಳಿತ ರೋಗಿಯೂ ಹಾಗೆಯೇ. ನಡೆಸಿ ನೋಡಿದಾಗಲೇ ಪುಪ್ಪಸದ ನಿಜಸ್ಥಿತಿ ಹೊರಬೀಳುತ್ತದೆ.

ಅಳೆಯುವ ಕ್ರಮ ಇಂತಿದೆ:

1) ಕೈ ತೊಳೆದು ಒರೆಸಿರಿ. ತಂಬಾಕಿನ ಜಿಗಟು, ಮದರಂಗಿ, ಉಗುರಿನ ಬಣ್ಣ ಇರಬಾರದು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿರಿ.

2) ಐದು ನಿಮಿಷ ಸುಮ್ಮನೆ ಕುಳಿತು, ಅನಂತರ ತೋರುಬೆರಳು ಅಥವಾ ನಡುಬೆರಳಿಗೆ ಮಾಪಕ ಹಾಕಿರಿ. ಅಂಕಿ ಒಂದೆಡೆ ನಿಲ್ಲುವ ತನಕ ಕಾಯಿರಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100 ಇರುತ್ತದೆ.

3) ಅನಂತರ ಸಮತಟ್ಟಾದ ಜಾಗದಲ್ಲಿ ಆರು ನಿಮಿಷ ನಡೆದು ಮತ್ತೆ ಅಳೆಯಿರಿ. ಅಂಕಿ 93ಕ್ಕಿಂತ ಕೆಳಗೆ ಹೋದರೆ ಅಥವಾ ಕುಳಿತಾಗಿನದಕ್ಕಿಂತ ನಾಲ್ಕೈದು ಅಂಕಿ ಇಳಿದರೆ ಡಾಕ್ಟರರನ್ನು ಕಾಣಬೇಕು. ಕುಳಿತಾಗಲೇ 94ಕ್ಕಿಂತ ಕಡಿಮೆ ಇದ್ದವರು, ದಮ್ಮು ಇದ್ದವರು ನಡೆಯುವ ಪರೀಕ್ಷೆ ಮಾಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. 90ಕ್ಕಿಂತ ಕಡಿಮೆಯಾದರೆ ಕಾಯಿಲೆ ತೀವ್ರವಾಗಿದೆಯೆಂದು ತಿಳಿಯಬೇಕು.

4) ಮಾಪಕದ ಮೇಲೆ ಸಂಶಯ ಬಂದರೆ ಆರೋಗ್ಯವಂತರ ಬೆರಳಿಗೆ ಹಾಕಿ ತಾಳೆ ನೋಡಿರಿ. ಕಪ್ಪು ಮೈಬಣ್ಣದವರಲ್ಲಿ ಮಾಪಕವು ಇದ್ದುದಕ್ಕಿಂತ ತುಸು ಹೆಚ್ಚಿಗೆ ತೋರಿಸುವುದುಂಟು. ಕಾರಣ ಗಡಿ ಅಂಕಿಯಲ್ಲಿದ್ದಾಗ ಅಲಕ್ಷ್ಯ ಮಾಡಬೇಡಿರಿ.

5) ಮಾಪಕ ಇಲ್ಲದಿದ್ದರೆ ಉಸಿರನ್ನು ಎಣಿಸಿರಿ. ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ದೊಡ್ಡವರಲ್ಲಿ 24 ಮತ್ತು ಅದಕ್ಕಿಂತ ಹೆಚ್ಚಾದರೆ ತಡಮಾಡಕೂಡದು.

ಆಸ್ಪತ್ರೆಗೆ ಹೋಗುವ ತನಕ, ವಾಹನ ಬರುವ ತನಕ, ರೋಗಿಯನ್ನು ಬೋರಲಾಗಿ ಮಲಗಿಸುವುದು ಉಪಯುಕ್ತ. ಪುಪ್ಪಸದ ಹೆಚ್ಚಿನ ಭಾಗ ಬೆನ್ನಿನ ಕಡೆ ಇರುವುದರಿಂದ ಬೋರಲು ಮಲಗಿದಾಗ ಅಲ್ಲಿಗೆ ಗಾಳಿ ಚೆನ್ನಾಗಿ ಆಡುತ್ತದೆ. ಕೇಂದ್ರ ಆರೋಗ್ಯ ಇಲಾಖೆಯೂ 2021ರ ಏಪ್ರಿಲ್ ತಿಂಗಳಲ್ಲಿ ಈ ಸಲಹೆ ನೀಡಿತ್ತು. ಕುತ್ತಿಗೆಯ ಕೆಳಗೆ, ಎದೆಯಿಂದ ತೊಡೆಯ ವರೆಗೆ ಮತ್ತು ಮೊಣಕಾಲ ಕೆಳಗೆ ದಿಂಬು ಇಡಬೇಕು. ಊಟವಾಗಿ ಒಂದು ಗಂಟೆಯೊಳಗೆ ಹೀಗೆ ಮಲಗಿಸಬಾರದು. ಗರ್ಭಿಣಿಯರಿಗೂ ತೀವ್ರ ಹೃದಯರೋಗ ಇರುವವರಿಗೂ ಇದು ಸಲ್ಲದು.

ಔಷಧಿಗೂ ದಿನದ ಲೆಕ್ಕವಿದೆ

ಕೀಟನಾಶಕವನ್ನು ಕೀಟ ಬರುವ ಮೊದಲೇ ಹೊಡೆದರೆ ಹಣ ವ್ಯರ್ಥ; ಬೇಡದ ಹೊತ್ತಿಗೆ ಹೊಡೆದರೆ ಉಪಕಾರಿ ಹುಳುಗಳೂ ಸಾಯುತ್ತವೆ. ಕೋವಿಡ್ ಔಷಧಿಗಳ ವಿಷಯವೂ ಹೀಗೆಯೇ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅಗ್ಗದ, ಹಳೆಯ ಔಷಧಿ. ಇದು ಆಮ್ಲಜನಕದ ಮೇಲಿರುವ ರೋಗಿಗಳ ಪ್ರಾಣ ಉಳಿಸುತ್ತದೆಂದು ಇಂಗ್ಲೆಂಡಿನ 'ರಿಕವರಿ' ಎಂಬ ದೊಡ್ಡ ಪ್ರಯೋಗವು 2020ರ ಜೂನ್ ತಿಂಗಳಲ್ಲಿ ತೋರಿಸಿತು. ಕೃತಕ ಉಸಿರಾಟದ ಯಂತ್ರದ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಆದರೆ ಆಮ್ಲಜನಕದ ಅವಶ್ಯಕತೆ ಇಲ್ಲದವರಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಮೊದಲ ದಿನಗಳಲ್ಲಿಯೇ ಅಂಗಡಿಯಿಂದ ತಂದು ನುಂಗಿದರೆ ಮೈಯ ರೋಗನಿರೋಧಕ ಶಕ್ತಿ ಕುಗ್ಗಿ, ರಕ್ತದ ಸಕ್ಕರೆ ಏರುತ್ತದೆ.

ಅದರ ಕೆಟ್ಟ ಪರಿಣಾಮವನ್ನು 2021ರ ಬೇಸಿಗೆಯಲ್ಲಿ ದೇಶವೇ ಕಂಡಿತು. ಸಕ್ಕರೆ ಹತೋಟಿಯಲ್ಲಿರದ ಅನೇಕ ರೋಗಿಗಳಿಗೆ 'ಕಪ್ಪು ಶಿಲೀಂಧ್ರ' ರೋಗ ತಗುಲಿತು. ಇದರ ಶಿಲೀಂಧ್ರವು ಮಣ್ಣು, ತಿಪ್ಪೆಗೊಬ್ಬರ, ಕೊಳೆತ ಎಲೆ ಮತ್ತು ಹಣ್ಣುಗಳಲ್ಲಿ ಇರುವಂಥದೇ. ಆರೋಗ್ಯವಂತರಿಗೆ ಏನೂ ಮಾಡದು. ಆದುದರಿಂದ ಕಾಯಿಲೆಯಿಂದ ಎದ್ದವರು, ಅದರಲ್ಲಿಯೂ ಸಕ್ಕರೆ ಕಾಯಿಲೆಯವರು, ಮಣ್ಣು ಗೊಬ್ಬರದ ಕೆಲಸ ಮಾಡುವಾಗ ಮುಖಗವಸು, ಕೈಚೀಲ, ಕಾಲಿಗೆ ಬೂಟು, ತೋಳು ತುಂಬ ಅಂಗಿ ಧರಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಲಹೆ ಮಾಡಿತು. ಮುಖದ ಒಂದೇ ಪಾರ್ಶ್ವದಲ್ಲಿ ನೋವು ಅಥವಾ ಬಾವು, ಮೂಗಿನಿಂದ ಕಪ್ಪು ಸ್ರಾವ, ಒಂದು ವಸ್ತು ಎರಡಾಗಿ ಕಾಣುವುದು, ಹಲ್ಲು ಅಲುಗಾಡುವುದು ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತಂಬಾಕಿನ ಬೆಳೆಗಾರನಾಗಿ ಇನ್ನೊಂದು ಮಾತು ಹೇಳಲೇಬೇಕು. ಬೀಡಿ ಸೇದುವವರಿಗೆ ಕೊರೋನಾ ಬರುವುದಿಲ್ಲ, ತಂಬಾಕಿನ ಘಾಟಿಗೆ ರೋಗಾಣು ಸಾಯುತ್ತದೆ ಎಂಬ ಮಾತು ಅಂದು ನಮ್ಮ ಕಟ್ಟೆಗಳ ಮೇಲೆ ಓಡಾಡುತ್ತಿತ್ತು. ಇದು ಸುಳ್ಳು. ಸೇದುವವರಲ್ಲಿ ಈ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮೇ 11ರಂದೇ ತಿಳಿಸಿದೆ. ನಾವು ಬೆಳೆದ ಮಾಲಿಗೆ ಒಳ್ಳೆಯ ಧಾರಣೆ ಬೇಡೋಣ. ಅದಕ್ಕೆ ಇಲ್ಲದ ಗುಣವನ್ನು ಅಂಟಿಸುವುದು ಬೇಡ.

ಎರಡನೆಯ ಲೆಕ್ಕ: ಹೊಲಕ್ಕೆ ಮರಳುವುದು

ಮನೆಗೆ ಬಂದ ಕೂಡಲೇ ಲೆಕ್ಕ ಮುಗಿಯಲಿಲ್ಲ. ಇನ್ನೊಂದು ಲೆಕ್ಕ ಆರಂಭವಾಯಿತು. ಜೂನ್ 8ಕ್ಕೆ ಮೃಗಶಿರಾ ಮಳೆ ಹುಟ್ಟುವುದು. ಸೋಯಾ ಅವರೆ ಬಿತ್ತನೆ, ತಂಬಾಕಿನ ಸಸಿಮಡಿ, ಕಬ್ಬಿಗೆ ಮಣ್ಣು ಏರಿಸುವುದು ಎಲ್ಲ ಒಟ್ಟಿಗೆ ಬಂದು ನಿಂತಿದ್ದವು. ಅಣ್ಣನು ಕೂರಿಗೆ ಹಿಡಿಯುತ್ತೇನೆಂದು ಹಟ ಹಿಡಿದನು. ಬಚ್ಚಲಿನ ತನಕ ನಡೆದರೆ ಎದೆ ಬಡಿದುಕೊಳ್ಳುತ್ತಿದ್ದ ಮನುಷ್ಯ! ಆ ವರ್ಷ ಬಾಡಿಗೆಯ ಟ್ರ್ಯಾಕ್ಟರಿನಿಂದ ಬಿತ್ತಿಸಿದೆವು. ಖರ್ಚು ಹೆಚ್ಚಾಯಿತು, ನಿಜ. ಮನುಷ್ಯ ಉಳಿದನು.

ಕಬ್ಬು ಕಡಿದ ಮೇಲೆ ಕುಳೆಯನ್ನು ಹಾಗೆಯೇ ಬಿಟ್ಟರೆ ಅದು ಚೆನ್ನಾಗಿ ಚಿಗುರುವುದಿಲ್ಲ. ಬುಡ ಸವರಿ, ನೀರು ಗೊಬ್ಬರ ಕೊಟ್ಟು, ಸಮಯ ಕೊಡಬೇಕು. ಕಾಯಿಲೆಯಿಂದ ಎದ್ದ ಮೈಗೂ ಅಷ್ಟೇ. ನಾವು ಅನುಸರಿಸಿದ ಕ್ರಮ ಹೀಗಿತ್ತು:

ಕಾಯಿಲೆಯ ಲಕ್ಷಣಗಳು ಪೂರ್ತಿ ಹೋಗಿ ಹತ್ತು ದಿನಗಳಾಗುವ ತನಕ ಮನೆಯೊಳಗಿನ ನಡೆದಾಟ ಮತ್ತು ನಿಧಾನವಾಗಿ ಉಸಿರೆಳೆದು ಬಿಡುವ ಅಭ್ಯಾಸ ಮಾತ್ರ. ಅನಂತರದ ವಾರ ಅಂಗಳದಲ್ಲಿ, ಹೊಲದ ಬದುವಿನ ಮೇಲೆ ನಡೆಯುವುದು. ಅದರ ಮುಂದಿನ ವಾರಗಳಲ್ಲಿ ನೀರು ತಿರುಗಿಸುವುದು, ದನಕ್ಕೆ ಮೇವು ಹಾಕುವುದು. ಗುದ್ದಲಿ ಕೆಲಸ, ಚೀಲ ಹೊರುವುದು, 16 ಲೀಟರಿನ ಬೆನ್ನಿನ ಪಂಪು ಹೊತ್ತು ಔಷಧಿ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ.

ಇಂದು ಮಾಡಿದ ಕೆಲಸಕ್ಕೆ ನಾಳೆ ಹಾಸಿಗೆಯಿಂದ ಏಳಲಾಗದಷ್ಟು ಸುಸ್ತಾದರೆ ಕೆಲಸವನ್ನು ಅರ್ಧಕ್ಕೆ ಇಳಿಸಬೇಕು. ಹಟದಿಂದ ದುಡಿದರೆ ಶಕ್ತಿ ಬರುವುದಿಲ್ಲ, ಇನ್ನಷ್ಟು ಕಳೆಯುತ್ತದೆ. ಎದೆನೋವು, ಎದೆ ಬಡಿತ, ತಲೆಸುತ್ತು, ಒಂದೇ ಕಾಲಿನಲ್ಲಿ ಬಾವು ಕಂಡರೆ ಡಾಕ್ಟರರಿಗೆ ತೋರಿಸಬೇಕು. ಏಕೆಂದರೆ ಈ ಕಾಯಿಲೆ ಹೃದಯಕ್ಕೂ ರಕ್ತನಾಳಗಳಿಗೂ ತೊಂದರೆ ಕೊಡಬಲ್ಲದು. ಸುಸ್ತು, ದಮ್ಮು, ಮರೆವು ಮುಂತಾದ ತೊಂದರೆಗಳು ಕಾಯಿಲೆ ಬಂದು ಮೂರು ತಿಂಗಳಾದರೂ ಉಳಿದಿದ್ದು, ಎರಡು ತಿಂಗಳಿಗೂ ಮೇಲ್ಪಟ್ಟು ಕಾಡಿ, ಬೇರೆ ಕಾರಣ ಕಾಣದಿದ್ದರೆ ಅದನ್ನು ದೀರ್ಘ ಕೋವಿಡ್ ಎಂದು ಕರೆಯುತ್ತಾರೆ. ಅಂಥವರನ್ನು ಮೈಗಳ್ಳರೆಂದು ಹೀಯಾಳಿಸುವುದನ್ನು ನಾನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ. ದುಡಿಯುವ ಮನಸ್ಸು ಇದ್ದೂ ಮೈ ಕೇಳದಿರುವುದೇ ಅವರ ಕಾಯಿಲೆ.

ಮೂಗು ಮರೆತ ವಾಸನೆ

ಅಣ್ಣನಿಗೆ ಆದ ದೊಡ್ಡ ನಷ್ಟ ಬೇರೆಯೇ ಇತ್ತು. ಹದಕ್ಕೆ ಬಂದ ತಂಬಾಕನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಹಿಡಿದರೆ ಮಾಲು ಯಾವ ದರ್ಜೆಯದೆಂದು ಹೇಳುವ ಮನುಷ್ಯ ಅವನು. ಆ ವಾಸನೆ ಹೋಗಿಬಿಟ್ಟಿತು. ಮುಂದಿನ ಸುಗ್ಗಿಯಲ್ಲಿ ವ್ಯಾಪಾರಿ ಬಂದಾಗ ಅಣ್ಣ ಮುಷ್ಟಿ ತುಂಬ ತಂಬಾಕು ಮೂಸಿ ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟನು.

ರೋಗಾಣುವು ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿಗೆ ಆಸರೆಯಾದ ಜೀವಕೋಶಗಳನ್ನು ಕೆಡಿಸುವುದರಿಂದ ಹೀಗಾಗುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಇದಕ್ಕೆ ಖರ್ಚಿಲ್ಲದ ಒಂದು ಅಭ್ಯಾಸವಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಒಂದೊಂದನ್ನು ಹದಿನೈದು ಇಪ್ಪತ್ತು ಸೆಕೆಂಡು, ಅದರ ವಾಸನೆಯನ್ನು ಮನಸ್ಸಿನಲ್ಲಿ ನೆನೆಯುತ್ತ ಮೂಸಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಅಣ್ಣನಿಗೆ ದೀಪಾವಳಿಯ ಹೊತ್ತಿಗೆ ಲವಂಗ ತಿಳಿಯಿತು, ಆಮೇಲೆ ನಿಂಬೆ. ತಂಬಾಕಿನ ವಾಸನೆ ಇಂದಿಗೂ ಮೊದಲಿನಂತೆ ಬಂದಿಲ್ಲ.

ವಾಸನೆ ಇಲ್ಲದ ಕೃಷಿಕನಿಗೆ ಅಪಾಯಗಳೂ ಉಂಟು. ಔಷಧಿ ಹೊಡೆಯುವಾಗ ವಿಷ ತನ್ನ ಮೇಲೆಯೇ ಬರುತ್ತಿದ್ದರೂ ತಿಳಿಯದು. ಅಡಿಗೆಯ ಗ್ಯಾಸ್ ಸೋರಿದರೆ, ಊಟ ಹಳಸಿದರೆ, ತಂತಿ ಸುಟ್ಟರೆ ತಿಳಿಯದು. ಆದುದರಿಂದ ಅಂಥವರಿಂದ ಔಷಧಿ ಹೊಡೆಸಬಾರದು. ಒಲೆ ಮತ್ತು ಪಂಪ್‌ಸೆಟ್ಟಿನ ಪೆಟ್ಟಿಗೆಯನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳಬೇಕು.

ಅಂಜಿಕೆ ಬೇಡ, ಮುಚ್ಚಿಡುವುದು ಬೇಡ

ನಮ್ಮ ಓಣಿಯ ಹಿರಿಯರೊಬ್ಬರು ಅದೇ ತಿಂಗಳು ತೀರಿಕೊಂಡರು. ಮನೆಗೆ ಬೋರ್ಡು ಹಚ್ಚುತ್ತಾರೆ, ಹಾಲು ಯಾರೂ ಕೊಳ್ಳುವುದಿಲ್ಲ, ಮೊಮ್ಮಗಳ ಸಂಬಂಧ ಮುರಿದು ಬೀಳುತ್ತದೆ ಎಂದು ಅವರು ಜ್ವರವನ್ನು ಮುಚ್ಚಿಟ್ಟಿದ್ದರು. ಆಸ್ಪತ್ರೆಗೆ ಒಯ್ದಾಗ ಎಷ್ಟನೆಯ ದಿನವೆಂದು ಯಾರಿಗೂ ಹೇಳಲಾಗಲಿಲ್ಲ. ಮರುದಿನ ರಾತ್ರಿ ಹೋಗಿಬಿಟ್ಟರು. ಅವರ ಜ್ವರಕ್ಕಿಂತ ನಮ್ಮ ಊರಿನ ಅಂಜಿಕೆ ದೊಡ್ಡದಾಯಿತೆಂದು ನನಗೆ ಇಂದಿಗೂ ಅನಿಸುತ್ತದೆ.

ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಮುಂಬಯಿಯಲ್ಲಿ ಹಾಫ್‌ಕಿನ್ ಅವರು 1897ರಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಹೀಗೆ ಲಸಿಕೆ ಮತ್ತು ಬೇರೆ ಇರುವಿಕೆ ಎರಡೂ ನಮ್ಮ ನಾಡಿಗೆ ಹೊಸತಲ್ಲ. ಕೋವಿಡ್ ಲಸಿಕೆ ದೇಶದಲ್ಲಿ 2021ರ ಜನವರಿ 16ರಂದು ಆರಂಭವಾಗಿ, ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ದೊರೆಯಿತು. ನಮ್ಮ ಅವ್ವ ಮಾರ್ಚ್ ತಿಂಗಳಲ್ಲಿಯೇ ಮೊದಲ ಸೂಜಿ ಹಾಕಿಸಿಕೊಂಡಿದ್ದಳು. ಎಪ್ಪತ್ತು ದಾಟಿದ ಆಕೆಯ ಜ್ವರ ನಾಲ್ಕೇ ದಿನಕ್ಕೆ ಇಳಿಯಿತು. ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬರಬಹುದು. ಆದರೆ ಅದು ತೀವ್ರವಾಗುವುದು ಬಹಳ ಕಡಿಮೆ.

ಕೊನೆಯದಾಗಿ

ಕಾರಣ ರೈತ ಬಾಂಧವರು ಈ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಒಂದನೆಯ ದಿನವನ್ನು ಅದೇ ದಿನ ಬರೆದಿಡಿರಿ. ರೋಗಿಯನ್ನು ಗಾಳಿ ಆಡುವ ಬೇರೆ ಕೋಣೆಯಲ್ಲಿ ಅಥವಾ ತೋಟದ ಮನೆಯಲ್ಲಿ ಇರಿಸಿರಿ, ಆದರೆ ಒಬ್ಬಂಟಿಯಾಗಿ ಬಿಡಬೇಡಿರಿ. ಐದರಿಂದ ಹತ್ತನೆಯ ದಿನದ ವರೆಗೆ, ರೋಗಿ ಏನೇ ಹೇಳಲಿ, ದಿನಕ್ಕೆ ಮೂರು ಸಲ ಅಳೆಯಿರಿ. ಸ್ಟಿರಾಯ್ಡ್ ಮತ್ತು ಇತರ ಔಷಧಿಗಳನ್ನು ಡಾಕ್ಟರರ ಚೀಟಿ ಇಲ್ಲದೆ ಕೊಳ್ಳಬೇಡಿರಿ. ಗುಣವಾದ ಮೇಲೆ ಹೊಲದ ಕೆಲಸಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳಿರಿ.

ಹಳ್ಳಿಗೊಂದು ಆಮ್ಲಜನಕ ಮಾಪಕ ಸಹಕಾರಿ ಸಂಘದಲ್ಲಿಯೋ ಹಾಲಿನ ಡೈರಿಯಲ್ಲಿಯೋ ಇದ್ದರೆ ಎಲ್ಲರಿಗೂ ಅನುಕೂಲ. ವರ್ಷಕ್ಕೊಮ್ಮೆ ಅದರ ಸೆಲ್ಲುಗಳನ್ನು ಬದಲಿಸಿ, ನಾಲ್ಕು ಜನ ಆರೋಗ್ಯವಂತರ ಬೆರಳಿಗೆ ಹಾಕಿ ನೋಡಿ ಇಡಬೇಕು. ಬಿತ್ತನೆಗೆ ಮೊದಲು ಕೂರಿಗೆ ಸರಿಪಡಿಸಿ ಇಡುವುದಿಲ್ಲವೇ? ಇದೂ ಅಂಥದೇ ಒಂದು ಸಾಧನ.